ಕಡಲಿನಿಂದ ಏಳುವ ನೆಲ: ಜಪಾನಿನ ನೋತೊ ಪರ್ಯಾಯ ದ್ವೀಪ

ಜಪಾನಿನ ಪಶ್ಚಿಮ ಕರಾವಳಿಯಲ್ಲಿ, ವಾಜಿಮಾ ನಗರಸಭೆಯ ವ್ಯಾಪ್ತಿಗೆ ಸೇರಿದ ಕಾಯಿಸೊ ಎಂಬ ಊರಿದೆ. ಅಲ್ಲೊಂದು ಸಣ್ಣ ಮೀನುಗಾರಿಕೆ ಬಂದರು. 2024ರ ಜನವರಿ 1ರಂದು, ಹೊಸವರ್ಷದ ಮೊದಲ ಸಂಜೆ 4 ಗಂಟೆ 10 ನಿಮಿಷಕ್ಕೆ, ಆ ಬಂದರಿನ ತಳ ಸುಮಾರು ನಾಲ್ಕು ಮೀಟರ್ ಮೇಲಕ್ಕೆದ್ದಿತು. ಕಡಲು ಹಿಂದೆ ಸರಿಯಿತು. ದಕ್ಕೆ, ಅಲೆತಡೆ ಗೋಡೆ, ದೋಣಿ ಕಟ್ಟುವ ಗೂಟ ಎಲ್ಲವೂ ಇದ್ದಲ್ಲೇ ಉಳಿದವು, ನೀರು ಮಾತ್ರ ಇಲ್ಲವಾಯಿತು. ಗೋಡೆಗೆ ಅಂಟಿಕೊಂಡಿದ್ದ ಚಿಪ್ಪುಜೀವಿಗಳು ಮನುಷ್ಯನ ತಲೆಗಿಂತ ಎತ್ತರದಲ್ಲಿ ಒಣಗಿ ಸತ್ತವು. ಭೂವಿಜ್ಞಾನಿಗಳು ಅವುಗಳನ್ನೇ ಅಳತೆಗೋಲು ಮಾಡಿಕೊಂಡರು. ಇಂಥ ಜೀವಿಗಳು ಸಮುದ್ರಮಟ್ಟದ ಆಸುಪಾಸಿನಲ್ಲಿ ಮಾತ್ರ ಬದುಕುವುದರಿಂದ, ಅವು ಅಂಟಿಕೊಂಡಿದ್ದ ಗೆರೆಗೂ ಈಗಿನ ನೀರಿನ ಮಟ್ಟಕ್ಕೂ ಇರುವ ಅಂತರವೇ ನೆಲ ಎದ್ದ ಎತ್ತರ.

ಇದು ನೋತೊ ಪರ್ಯಾಯ ದ್ವೀಪ. ಅಲ್ಲಿನ ಉಪ್ಪು, ಗದ್ದೆ, ಮರದ ಬಟ್ಟಲು, ಹಬ್ಬಗಳನ್ನು ಕುರಿತು ಜಪಾನೀಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಅವನ್ನೆಲ್ಲ ಬಿಡಿಬಿಡಿಯಾಗಿ ನೋಡಿದರೆ ಈ ನಾಡು ಅರ್ಥವಾಗುವುದಿಲ್ಲ. ನೋತೊದ ಬದುಕಿಗೆ ಆಧಾರವಾದ ವಸ್ತುಗಳಲ್ಲಿ ಹೆಚ್ಚಿನವು ನೆಲವನ್ನು ಕಡಲಿನಿಂದ ಮೇಲೆತ್ತುವ ಒಂದೇ ಶಕ್ತಿಯಿಂದ ಬಂದವು. ಅದೇ ಶಕ್ತಿ ಆಗೀಗ ಬಂದು ಆ ಬದುಕನ್ನು ಮುರಿಯುತ್ತದೆ.

ಹೊರ ಕಡಲು, ಒಳ ಕಡಲು

ಹೊನ್‌ಶು ದ್ವೀಪದ ನಡುಭಾಗದಿಂದ ಜಪಾನ್ ಸಮುದ್ರದೊಳಕ್ಕೆ ಸುಮಾರು 100 ಕಿಲೋಮೀಟರ್ ಚಾಚಿ, ತುದಿಯಲ್ಲಿ ಪೂರ್ವಕ್ಕೆ ಬಾಗಿದ ಹೆಬ್ಬೆರಳಿನಂತಿದೆ ನೋತೊ. ಆಡಳಿತದ ಪ್ರಕಾರ ಇದರ ಬಹುಭಾಗ ಇಶಿಕಾವಾ ಪ್ರಾಂತ್ಯಕ್ಕೆ ಸೇರಿದ್ದು. ಬುಡದಲ್ಲಿ ಹಕುಯಿ, ನಡುವೆ ನನಾವೊ, ಉತ್ತರಕ್ಕೆ ವಾಜಿಮಾ, ಬೆರಳ ತುದಿಯಲ್ಲಿ ಸುಜು. ಎತ್ತರದ ಪರ್ವತಗಳಿಲ್ಲ. ಆದರೆ ಗುಡ್ಡಗಳು ನೇರ ಕಡಲಿಗೆ ಇಳಿಯುವುದರಿಂದ ಸಮತಟ್ಟು ಜಾಗವೂ ಕಡಿಮೆ.

ಸ್ಥಳೀಯರು ಕರಾವಳಿಯನ್ನು ಎರಡಾಗಿ ಗುರುತಿಸುತ್ತಾರೆ. ಪಶ್ಚಿಮ ಮತ್ತು ಉತ್ತರಕ್ಕೆ ಮುಖಮಾಡಿದ್ದು ಸೊತೊಉರಾ, ಅಂದರೆ ಹೊರ ಕರಾವಳಿ. ತೊಯಾಮಾ ಕೊಲ್ಲಿಯ ಕಡೆಯದು ಉಚಿಉರಾ, ಒಳ ಕರಾವಳಿ. ಒಳಗಡೆ ಅನಾಮಿಜು, ನನಾವೊ ಕೊಲ್ಲಿಗಳಲ್ಲಿ ನೀರು ಕೆರೆಯಂತೆ ನಿಂತಿರುತ್ತದೆ, ಮಳಿ (ಆಯ್ಸ್ಟರ್) ಸಾಕುತ್ತಾರೆ. ಹೊರಗಡೆ ಚಳಿಗಾಲ ಬಂದರೆ ಬೇರೆಯದೇ ಲೋಕ. ಸೈಬೀರಿಯಾದಿಂದ ಬೀಸುವ ಒಣ ತಂಪುಗಾಳಿ ತ್ಸುಶಿಮಾ ಎಂಬ ಬೆಚ್ಚನೆಯ ಸಾಗರ ಪ್ರವಾಹದ ಮೇಲೆ ಹಾಯ್ದು ಬರುವಾಗ ತೇವ ಹೀರಿಕೊಳ್ಳುತ್ತದೆ. ದಡ ಮುಟ್ಟಿದೊಡನೆ ಅದನ್ನು ಹಿಮವಾಗಿ, ಆಲಿಕಲ್ಲಾಗಿ ಸುರಿಸುತ್ತದೆ. ಈ ಗಾಳಿಗೆ ಓಸಾವಾ, ಕಾಮಿಓಸಾವಾ ಎಂಬ ಊರುಗಳು ಕಂಡುಕೊಂಡ ಉತ್ತರ 'ಮಗಾಕಿ'. ತೆಳ್ಳನೆಯ ಬಿದಿರನ್ನು ಒತ್ತೊತ್ತಾಗಿ ನಿಲ್ಲಿಸಿ, ಅಡ್ಡಗಳಕ್ಕೆ ಕಟ್ಟಿ, ಮನೆಯ ಎತ್ತರಕ್ಕೆ ಇಡೀ ಊರಿನ ಸುತ್ತ ಬೇಲಿ ಹಾಕುತ್ತಾರೆ. ಕಲ್ಲಿನ ಗೋಡೆ ಕಟ್ಟಬಹುದಿತ್ತಲ್ಲ ಎನ್ನಿಸಬಹುದು. ಆದರೆ ತೂತಿಲ್ಲದ ಗೋಡೆಗೆ ಬಡಿದ ಗಾಳಿ ಮೇಲೇರಿ, ಹಿಂಬದಿಯಲ್ಲಿ ಸುಳಿಯಾಗಿ ಮಾಡನ್ನೇ ಕೀಳುತ್ತದೆ. ಬಿದಿರಿನ ಸಂದುಗಳು ಗಾಳಿಯನ್ನು ಸೋಸಿ, ಅದರ ವೇಗ ಕುಗ್ಗಿಸಿ ಒಳಬಿಡುತ್ತವೆ. ಬೇಸಿಗೆಯಲ್ಲಿ ಅದೇ ಬೇಲಿ ಪಡುವಣ ಬಿಸಿಲಿಗೆ ನೆರಳು. ಕೊಳೆತ ಬಿದಿರನ್ನು ಮಾತ್ರ ಚಳಿಗಾಲಕ್ಕೆ ಮೊದಲು ಬದಲಿಸುತ್ತಾ ಬಂದರೆ ಬೇಲಿಗೆ ಮುಪ್ಪೇ ಇಲ್ಲ. ಆದರೆ ಅದಕ್ಕೆ ಊರಲ್ಲಿ ಕೈಗಳಿರಬೇಕು.

ನೆಲ ಏಕೆ ಏಳುತ್ತದೆ

ಸುಮಾರು 2 ಕೋಟಿಯಿಂದ 1.5 ಕೋಟಿ ವರ್ಷಗಳ ಹಿಂದೆ ಜಪಾನಿನ ನೆಲ ಏಷ್ಯಾ ಖಂಡದಿಂದ ಬಿರಿದು ದೂರ ಸರಿಯಿತು. ನಡುವೆ ಜಪಾನ್ ಸಮುದ್ರ ಹುಟ್ಟಿತು. ನೆಲವನ್ನು ಎರಡೂ ಕಡೆಗೆ ಎಳೆದಾಗ ಕಲ್ಲು ಸೀಳಿ, ಒಂದು ಪಕ್ಕ ಕೆಳಗೆ ಜಾರಿದ ಸ್ತರಭಂಗಗಳು ಸಾಲುಸಾಲಾಗಿ ಉಂಟಾದವು. ಮುಂದೆ, ಈಚಿನ ಕೆಲವು ದಶಲಕ್ಷ ವರ್ಷಗಳಲ್ಲಿ, ಎಳೆತ ನಿಂತು ಒತ್ತಡ ಶುರುವಾಯಿತು. ಹೊಸ ಬಿರುಕು ಮಾಡುವುದಕ್ಕಿಂತ ಹಳೆಯ ಬಿರುಕಿನಲ್ಲೇ ಜಾರುವುದು ಕಲ್ಲಿಗೆ ಸುಲಭ. ಹೀಗಾಗಿ ಹಿಂದೆ ಕೆಳಗೆ ಜಾರಿದ್ದ ಬಂಡೆಗಳು ಅದೇ ಸೀಳಿನಲ್ಲಿ ತಿರುಗಿ ಮೇಲಕ್ಕೇರತೊಡಗಿದವು. ನೋತೊದ ಉತ್ತರ ಕರಾವಳಿಯ ಆಚೆ, ದಡಕ್ಕೆ ತೀರ ಹತ್ತಿರದಲ್ಲಿ ಇಂಥ ಸ್ತರಭಂಗಗಳ ಸಾಲಿದೆ. ಅವು ದಕ್ಷಿಣದತ್ತ, ಪರ್ಯಾಯ ದ್ವೀಪದ ಕೆಳಗೆ ಓರೆಯಾಗಿ ಇಳಿಯುತ್ತವೆ. ಜಾರಿದಾಗಲೆಲ್ಲ ನೆಲದ ಕಡೆಯ ಭಾಗ ಕಡಲ ಕಡೆಯ ಭಾಗದ ಮೇಲೆ ಹತ್ತುತ್ತದೆ.

ಇದರ ಲೆಕ್ಕಪುಸ್ತಕ ದಡದಲ್ಲೇ ಇದೆ. ಅಲೆಗಳು ತೀರದ ಬಂಡೆಯನ್ನು ಚಪ್ಪಟೆಯಾಗಿ ಕೊರೆಯುತ್ತವೆ. ಆ ಚಪ್ಪಟೆ ಭಾಗ ಮೇಲೆದ್ದರೆ ಅದೇ ಮೆಟ್ಟಿಲು. ಸುಮಾರು 1.2 ಲಕ್ಷ ವರ್ಷಗಳ ಹಿಂದೆ ಕಡಲಂಚಾಗಿದ್ದ ಮೆಟ್ಟಿಲು ಇಂದು ಪರ್ಯಾಯ ದ್ವೀಪದ ಈಶಾನ್ಯ ತುದಿಯಲ್ಲಿ 100 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ದಕ್ಷಿಣಕ್ಕೆ ಬಂದಂತೆ ಅದು ತಗ್ಗಾಗುತ್ತದೆ. ಅಂದರೆ ಉತ್ತರ ಅಂಚಿನಲ್ಲಿ ಸರಾಸರಿ 1,000 ವರ್ಷಕ್ಕೆ ಒಂದು ಮೀಟರಿನಷ್ಟು ಏರಿಕೆ. ಸರಾಸರಿಯೆಂದ ಮಾತ್ರಕ್ಕೆ ನೆಲ ಪ್ರತಿವರ್ಷ ಒಂದೊಂದು ಮಿಲಿಮೀಟರ್ ಏಳುತ್ತದೆಂದು ಭಾವಿಸಬಾರದು. ಅದು ಶತಮಾನಗಟ್ಟಲೆ ಸುಮ್ಮನಿದ್ದು, ಒಂದೇ ನಿಮಿಷದಲ್ಲಿ ಜಿಗಿಯುತ್ತದೆ. ದಡದ ಹತ್ತಿರ, ಈಚಿನ ಸುಮಾರು 6,000 ವರ್ಷಗಳಲ್ಲಿ ಆದ ಮೂರು ತಗ್ಗಿನ ಮೆಟ್ಟಿಲುಗಳನ್ನು ಭೂವಿಜ್ಞಾನಿಗಳು ಆಗಲೇ ಗುರುತಿಸಿದ್ದರು. 2024ರದು ನಾಲ್ಕನೆಯದು.

ಸುಜು ಪ್ರದೇಶದಲ್ಲಿ 2020ರ ಡಿಸೆಂಬರಿನಿಂದಲೇ ಸಣ್ಣ ಕಂಪನಗಳ ಸರಣಿ ಶುರುವಾಗಿತ್ತು. ಆಳದಿಂದ ಮೇಲೇರುವ ದ್ರವ ಸ್ತರಭಂಗದ ಸಂದುಗಳಿಗೆ ನುಗ್ಗಿ, ಬಂಡೆಗಳ ನಡುವಿನ ಹಿಡಿತವನ್ನು ಸಡಿಲಿಸುತ್ತಿತ್ತೆಂಬುದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವ ವಿವರಣೆ. 2023ರ ಮೇ 5ರಂದು 6.5 ತೀವ್ರತೆಯದೊಂದು ಭೂಕಂಪ ಬಂತು. 2024ರ ಜನವರಿ 1ರಂದು 7.6. ಅಂದು ಸುಮಾರು 150 ಕಿಲೋಮೀಟರ್ ಉದ್ದದ ಸ್ತರಭಂಗ ಜಾರಿತ್ತು. ಇಲ್ಲಿ ಎರಡು ಅಂಕಿಗಳನ್ನು ಬೆರೆಸಿಕೊಳ್ಳಬಾರದು. 7.6 ಎನ್ನುವುದು ಭೂಕಂಪದ ಒಟ್ಟು ಶಕ್ತಿಯ ಅಳತೆ, ಇಡೀ ಭೂಕಂಪಕ್ಕೆ ಅದು ಒಂದೇ. ಜಪಾನೀಯರು 'ಶಿಂದೊ' ಎನ್ನುವ ಅಂಕಿ ಒಂದೊಂದು ಊರಿನಲ್ಲಿ ನೆಲ ಎಷ್ಟು ಅಲುಗಿತು ಎಂಬುದರದು. ಅದರ ಗರಿಷ್ಠ ಮಟ್ಟವೇ 7. ಅಂದು ವಾಜಿಮಾ ಮತ್ತು ಶಿಕಾದಲ್ಲಿ ಆ ಗರಿಷ್ಠ ಮಟ್ಟ ದಾಖಲಾಯಿತು.

ಸ್ತರಭಂಗ ದಡದ ಪಕ್ಕದಲ್ಲೇ ಇದ್ದುದರಿಂದ ಸುನಾಮಿ ಸುಜುವಿಗೆ ಬರಲು ಕೆಲವೇ ನಿಮಿಷ ಸಾಕಾಯಿತು. ಎಚ್ಚರಿಕೆ ಕೇಳಿ ಯೋಚಿಸುವಷ್ಟು ಹೊತ್ತಿರಲಿಲ್ಲ, ನಡುಕ ನಿಂತೊಡನೆ ಗುಡ್ಡ ಹತ್ತಿದವರು ಉಳಿದರು. ಆದರೆ ನೆಲ ಎತ್ತರಕ್ಕೆ ಎದ್ದ ಹೊರ ಕರಾವಳಿಯಲ್ಲಿ ಆ ಏರಿಕೆಯೇ ಅಲೆಗೆ ತಡೆಗೋಡೆಯಾಯಿತು, ಸುನಾಮಿಯ ಹಾನಿ ಅಲ್ಲಿ ಕಡಿಮೆ.

ಮಣ್ಣು ಕೂಡ ಮೃದು

"ನೋತೊ ಎಷ್ಟು ಮೃದು, ಅದರ ಮಣ್ಣು ಕೂಡ" ಎಂಬ ಹಳೆಯ ಮಾತೊಂದು ಆ ಕಡೆ ಇಂದಿಗೂ ಬಳಕೆಯಲ್ಲಿದೆ. ಜನರ ಸೌಮ್ಯ ಸ್ವಭಾವವನ್ನು ಹೊಗಳುವ ಮಾತದು. ಮಣ್ಣಿನ ವಿಷಯಕ್ಕೆ ಅದು ಅಕ್ಷರಶಃ ನಿಜ. ಕಡಲ ತಳದಲ್ಲಿ ಕುಳಿತು ಗಟ್ಟಿಯಾಗುವ ಮೊದಲೇ ಮೇಲೆದ್ದು ಬಂದ ಕೆಸರುಗಲ್ಲು ಇಲ್ಲಿ ಎಲ್ಲೆಡೆ ಇದೆ. ನೀರು ಕುಡಿದರೆ ಅದು ಜೇಡಿಯಾಗಿ ಜಾರುತ್ತದೆ.

ವಾಜಿಮಾದ ಪೂರ್ವಕ್ಕೆ ಕಡಲಿಗೆ ಇಳಿಯುವ ಶಿರೊಯೊನೆ ಸೆನ್‌ಮೈದಾ ಎಂಬ ಮೆಟ್ಟಿಲುಗದ್ದೆಗಳನ್ನು ನೋಡಿ. ಸುಮಾರು 4 ಹೆಕ್ಟೇರ್ ಇಳಿಜಾರಿನಲ್ಲಿ 1,004 ಗದ್ದೆಗಳು. ಇದು ಕುಸಿದ ಗುಡ್ಡದ ಮೇಲೆ ಕಟ್ಟಿದ ಬೇಸಾಯ. 1684ರಲ್ಲಿ ಇಲ್ಲಿ ಭಾರಿ ಭೂಕುಸಿತವಾಗಿತ್ತು. ಕುಸಿದ ಜಾಗವನ್ನೇ ರೈತರು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕುಸಿದ ಮಣ್ಣು ಆಳವಾಗಿ, ಸಡಿಲವಾಗಿ, ಜೇಡಿ ತುಂಬಿ ಇರುತ್ತದೆ. ಅಗೆಯಲು ಸುಲಭ, ನೀರು ನಿಲ್ಲಲು ಅನುಕೂಲ, ಒರತೆಗಳೂ ಇರುತ್ತವೆ. ಗದ್ದೆ ಚಿಕ್ಕದಾದಷ್ಟೂ ಕಡಿದು ತುಂಬಬೇಕಾದ ಮಣ್ಣು ಕಡಿಮೆ, ಇಳಿಜಾರಿನ ಮೇಲೆ ಭಾರವೂ ಹಗುರ.

ಇದರಲ್ಲೊಂದು ಅಪಾಯವೂ ಅಡಗಿದೆ. ಗದ್ದೆಯ ತಳದಲ್ಲಿ ಬಿರುಕು ಬಿಟ್ಟರೆ ನೀರು ಕೆಳಗಿನ ಜಾರುಪದರಕ್ಕೆ ಇಳಿಯುತ್ತದೆ. ಅಲ್ಲಿ ನೀರು ಸೇರಿದರೆ ಇಡೀ ಇಳಿಜಾರು ಮತ್ತೆ ಹೊರಡಬಹುದು. ಆದ್ದರಿಂದ ವಸಂತದಲ್ಲಿ ಬದುವಿಗೆ ಹಸಿ ಕೆಸರು ಮೆತ್ತಿ ನುಣ್ಣಗೆ ಸವರುವ ಕೆಲಸವೆಂದರೆ ಗದ್ದೆಯ ಜೊತೆಗೆ ಗುಡ್ಡವನ್ನೂ ಕಾಯುವ ಕೆಲಸ. ಹೆಗ್ಗಣದ ಬಿಲ, ಏಡಿ ತೂತು ಒಂದನ್ನೂ ಬಿಡುವಂತಿಲ್ಲ. ಯಂತ್ರ ಒಳಗೆ ಬರುವುದಿಲ್ಲ, ನಾಟಿಯೂ ಕೊಯ್ಲೂ ಕೈಯಲ್ಲೇ. ಬೇಸಾಯ ಬಿಟ್ಟ ಮೆಟ್ಟಿಲುಗದ್ದೆ ಕೆಲವೇ ವರ್ಷಗಳಲ್ಲಿ ಬಿರಿದು ಅಪಾಯದ ಜಾಗವಾಗುವುದು ಹೀಗೆ.

ಎತ್ತಿ ತಂದ ಕಡಲಿನ ಉಪ್ಪು

ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳನ್ನು ಕಂಡವರಿಗೆ ನೋತೊದ ಉಪ್ಪು ವಿಚಿತ್ರವೆನಿಸುತ್ತದೆ. ಸಾಣಿಕಟ್ಟಾದಲ್ಲಿ ಅಘನಾಶಿನಿಯ ಅಳಿವೆಗೆ ಭರತದ ನೀರು ತಾನಾಗಿ ಏರುತ್ತದೆ, ಆಮೇಲೆ ತಿಂಗಳುಗಟ್ಟಲೆ ಮಳೆಯಿಲ್ಲದ ಬಿಸಿಲು. ನೋತೊದಲ್ಲಿ ಇವೆರಡೂ ಇಲ್ಲ. ಜಪಾನ್ ಸಮುದ್ರ ಹೆಚ್ಚುಕಡಿಮೆ ಮುಚ್ಚಿದ ಬಟ್ಟಲು. ಅದರ ಭರತ ಇಳಿತಗಳ ವ್ಯತ್ಯಾಸ ಒಂದು ಗೇಣು ಒಂದೂವರೆ ಗೇಣಿನಷ್ಟೇ. ಬೇಸಿಗೆಯಲ್ಲೂ ಗಾಳಿ ತೇವ, ಮಳೆ ಯಾವಾಗ ಬೇಕಾದರೂ ಬರಬಹುದು. ಹಾಗಾಗಿ ನೀರನ್ನು ಹೊತ್ತು ಎತ್ತರದ ಕಣಕ್ಕೆ ತಂದು, ಕೊನೆಗೆ ಬೆಂಕಿಯಲ್ಲಿ ಕಾಯಿಸಬೇಕು. ಈ ಪದ್ಧತಿಗೆ 'ಅಗೆಹಾಮಾ' ಎಂದು ಹೆಸರು, ಎತ್ತಿದ ಕಡಲತೀರ ಎಂದರ್ಥ.

ಕಣ ಕಟ್ಟುವುದೇ ಮೊದಲ ದೊಡ್ಡ ಕೆಲಸ. ಜೇಡಿಮಣ್ಣನ್ನು ಬಡಿದು, ನೀರು ಕೆಳಗಿಳಿಯದಷ್ಟು ಗಟ್ಟಿ ಮಾಡಬೇಕು. ಅದರ ಮೇಲೆ ತೆಳ್ಳಗೆ ಮರಳು. ಬೆಳಿಗ್ಗೆ ಅಡ್ಡೆಗೆ ಎರಡು ಮರದ ಕೊಡಗಳನ್ನು ಕಟ್ಟಿ ಕಡಲ ನೀರು ತರುತ್ತಾರೆ. ಒಂದು ಕೊಡಕ್ಕೆ ಸುಮಾರು 36 ಲೀಟರ್, ಎರಡಕ್ಕೆ 70 ಕಿಲೋಗಿಂತ ಹೆಚ್ಚು ಭಾರ. ತಂದ ನೀರನ್ನು ದೊಡ್ಡ ತೊಟ್ಟಿಗೆ ಸುರಿದು, ಕೈತೊಟ್ಟಿಯಿಂದ ಮೊಗೆದು, ಮೈತಿರುಗಿಸಿ ಬೀಸಿ ಎರಚುತ್ತಾರೆ. ನೀರು ಬೀಸಣಿಗೆಯಂತೆ ಬಿಚ್ಚಿಕೊಂಡು ಮಂಜಿನ ಹನಿಯಾಗಿ ಇಡೀ ಕಣಕ್ಕೆ ಒಂದೇ ಸಮ ಬೀಳಬೇಕು. "ನೀರು ಹೊರಲು ಮೂರು ವರ್ಷ, ಎರಚಲು ಹತ್ತು ವರ್ಷ" ಎಂದು ಅಲ್ಲಿನ ಗಾದೆ. ಒಂದೆಡೆ ಹೆಚ್ಚು ಬಿದ್ದರೆ ಮರಳು ಗಂಟುಕಟ್ಟುತ್ತದೆ, ಒಣಗುವುದಿಲ್ಲ, ಆ ದಿನದ ಉಪ್ಪು ಅಷ್ಟು ಕಡಿಮೆ. ಎರಚಿದ ಮೇಲೆ ಹಲುಬೆಯಂಥ ಹಲ್ಲುಗಳಿರುವ ಹಲಗೆಯನ್ನು ಎಳೆದು ಗೆರೆ ಮೂಡಿಸುತ್ತಾರೆ. ಗೆರೆಗಳಿಂದ ಬಿಸಿಲು ಗಾಳಿಗೆ ಒಡ್ಡಿದ ಮೈ ಹೆಚ್ಚಾಗಿ ಬೇಗ ಒಣಗುತ್ತದೆ, ಮರಳಿನ ಕಾಳುಕಾಳಿಗೂ ಉಪ್ಪು ಅಂಟಿಕೊಳ್ಳುತ್ತದೆ.

ಮಧ್ಯಾಹ್ನದ ಮೇಲೆ ಆ ಮರಳನ್ನು ಗೋರಿ, ಕಣದ ನಡುವೆ ಜೋಡಿಸಿದ ಮರದ ಪೆಟ್ಟಿಗೆಗೆ ತುಂಬುತ್ತಾರೆ. ಮೇಲಿನಿಂದ ಮತ್ತೆ ಕಡಲ ನೀರು ಹೊಯ್ಯುತ್ತಾರೆ. ಅದು ಮರಳಿನ ಉಪ್ಪನ್ನೆಲ್ಲ ತೊಳೆದುಕೊಂಡು ತಳದಿಂದ ದಟ್ಟ ಉಪ್ಪುನೀರಾಗಿ ತೊಟ್ಟಿಕ್ಕುತ್ತದೆ. ಇಷ್ಟೆಲ್ಲ ಏಕೆ? ಕಡಲ ನೀರಿನಲ್ಲಿ ಉಪ್ಪು ಶೇಕಡ 3.5ರ ಒಳಗೆ. ಅದನ್ನು ನೇರವಾಗಿ ಕಾಯಿಸಿದರೆ ಒಂದು ಕಿಲೋ ಉಪ್ಪಿಗೆ 28 ಲೀಟರಿನಷ್ಟು ನೀರನ್ನು ಆವಿ ಮಾಡಬೇಕು. ಶೇಕಡ 15ರ ದಟ್ಟ ನೀರಾದರೆ 6 ಲೀಟರಿನ ಒಳಗೆ. ಸೌದೆ ಐದರಲ್ಲಿ ಒಂದು ಪಾಲು ಸಾಕು. ಕಣದ ಮೇಲಿನ ಬೆವರೆಲ್ಲ ಕಾಡನ್ನು ಉಳಿಸುವ ಲೆಕ್ಕ. ಮಧ್ಯಾಹ್ನ ಒಂದು ಮಳೆ ಬಿದ್ದರೆ ಮಾತ್ರ ಎಲ್ಲ ತೊಳೆದುಹೋಗಿ ಮರುದಿನ ಮೊದಲಿನಿಂದ ಶುರು.

ಕಾಯಿಸುವುದರಲ್ಲೂ ಕ್ರಮವಿದೆ. ನೀರು ದಟ್ಟವಾಗುತ್ತಾ ಹೋದಂತೆ ಮೊದಲು ಹರಳುಗಟ್ಟುವುದು ಉಪ್ಪಲ್ಲ, ಜಿಪ್ಸಮ್. ಅದಕ್ಕೇ ಕೊಪ್ಪರಿಗೆಯಲ್ಲಿ ಕೆಲವು ಗಂಟೆ ಕುದಿಸಿ, ಇಳಿಸಿ, ಸೋಸುತ್ತಾರೆ. ಆಮೇಲೆ ರಾತ್ರಿಯಿಡೀ ಹದವಾದ ಬೆಂಕಿಯಲ್ಲಿ ಎರಡನೆಯ ಕಾಯಿಸುವಿಕೆ, ಈಗ ಉಪ್ಪು ಕೂಡುತ್ತದೆ. ಕೊನೆಗೆ ನೀರಿನಲ್ಲಿ ಉಳಿಯುವುದು ಮೆಗ್ನೀಸಿಯಂ ಲವಣ, ಅದು ಕಹಿ. ಪೂರಾ ಇಂಗಿಸಿಬಿಟ್ಟರೆ ಆ ಕಹಿಯೂ ಉಪ್ಪಿಗೆ ಸೇರುತ್ತದೆ. ಆದ್ದರಿಂದ ಒದ್ದೆ ಇರುವಾಗಲೇ ಉಪ್ಪನ್ನು ತೆಗೆದು, ಕೆಲವು ದಿನ ಗುಡ್ಡೆಹಾಕಿ ಸೋರಲು ಬಿಡುತ್ತಾರೆ. ಸೋರಿದ ಕಹಿನೀರು 'ನಿಗಾರಿ', ಸೋಯಾ ಹಾಲನ್ನು ತೋಫುವಾಗಿ ಗಟ್ಟಿಮಾಡಲು ಅದೇ ಬೇಕು.

ಕಾಗಾ ಸಂಸ್ಥಾನದ ಮಾಯೆದಾ ದೊರೆಗಳು 17ನೇ ಶತಮಾನದಿಂದ ಇಲ್ಲಿನವರಿಗೆ ಮುಂಗಡವಾಗಿ ಅಕ್ಕಿ ಕೊಟ್ಟು, ಬದಲಿಗೆ ಉಪ್ಪು ಪಡೆಯುತ್ತಿದ್ದರು. ಗದ್ದೆಗೆ ಜಾಗವಿಲ್ಲದ ಹೊರ ಕರಾವಳಿಗೆ ಅನ್ನ ಬಂದದ್ದು ಹಾಗೆ. ಎಷ್ಟು ಉಪ್ಪಿಗೆ ಎಷ್ಟು ಅಕ್ಕಿ ಎಂದು ನಿರ್ಧರಿಸುವವರು ದೊರೆಗಳಾದ್ದರಿಂದ ಸಾಲ ತೀರದೆ ಉಳಿಯುವುದೂ ಸಾಮಾನ್ಯವಾಗಿತ್ತು. 1905ರಲ್ಲಿ ಉಪ್ಪು ಸರ್ಕಾರದ ಏಕಸ್ವಾಮ್ಯವಾಯಿತು. 1971ರಲ್ಲಿ, ವಿದ್ಯುತ್ತಿನಿಂದ ಪೊರೆಯ ಮೂಲಕ ಉಪ್ಪನ್ನು ಬೇರ್ಪಡಿಸುವ ಕಾರ್ಖಾನೆಯ ವಿಧಾನ ಬಂದು ದೇಶದ ಉಪ್ಪಿನ ಕಣಗಳೆಲ್ಲ ಮುಚ್ಚಿದವು. ಸುಜುವಿನ ನಿಯೆ ಎಂಬ ಊರಿನ ಒಂದೇ ಮನೆತನ ವಿಶೇಷ ಅನುಮತಿಯಿಂದ ಮುಂದುವರಿಸಿತು. 1997ರಲ್ಲಿ ಏಕಸ್ವಾಮ್ಯ ರದ್ದಾದಾಗ ಬೇರೆಯವರೂ ಮತ್ತೆ ಶುರುಮಾಡಲು ಸಾಧ್ಯವಾದದ್ದು, ಕೈಯಲ್ಲಿ ವಿದ್ಯೆ ಉಳಿಸಿಕೊಂಡಿದ್ದ ಆ ಒಂದು ಮನೆಯಿಂದ. 2008ರಲ್ಲಿ ಈ ವಿದ್ಯೆ ರಾಷ್ಟ್ರೀಯ ಜಾನಪದ ಸಂಪತ್ತೆಂದು ಘೋಷಿತವಾಯಿತು.

ಉಪ್ಪಿದ್ದಲ್ಲಿ ಮೀನಿನ ಸಾರವೂ ಹುಟ್ಟಿತು. ಒಳ ಕರಾವಳಿಯಲ್ಲಿ ಸ್ಕ್ವಿಡ್‌ನ ಕರುಳು, ಹೊರಗಡೆ ಬೂತಾಯಿ, ಬಂಗುಡೆಗಳಿಗೆ ಉಪ್ಪು ಬೆರೆಸಿ ಪೀಪಾಯಿಯಲ್ಲಿ ವರ್ಷಕ್ಕೂ ಮೀರಿ ಇಡುತ್ತಾರೆ. ಮೀನಿನದೇ ಕಿಣ್ವಗಳು ಮಾಂಸವನ್ನು ಕರಗಿಸುತ್ತವೆ. ಕೊಳೆಸುವ ಸೂಕ್ಷ್ಮಜೀವಿಗಳನ್ನು ಉಪ್ಪು ತಡೆಯುತ್ತದೆ. ಉಪ್ಪು ಉಳಿಸಲು ಹೋದರೆ ಪೀಪಾಯಿಯೇ ಹಾಳು. ಇದು ಇಶಿರು, ಕೆಲವೆಡೆ ಇಶಿರಿ.

ಸೂಕ್ಷ್ಮಜೀವಿಗಳ ಮಣ್ಣು, ವಿಷದ ರಸ

ಜಪಾನ್ ಸಮುದ್ರ ಹುಟ್ಟಿದ ಮೇಲೆ ಅದರ ತಳಕ್ಕೆ ಡಯಾಟಮ್ ಎಂಬ ಏಕಕೋಶ ಪಾಚಿಗಳ ಗಾಜಿನಂಥ ಚಿಪ್ಪುಗಳು ಸುರಿದು ದಪ್ಪ ಪದರವಾದವು. ನೆಲ ಎದ್ದಾಗ ಆ ಪದರ ನೋತೊದ ಗುಡ್ಡವಾಯಿತು. ಚಿಪ್ಪುಗಳ ತುಂಬ ತೂತುಗಳಿರುವುದರಿಂದ ಆ ಮಣ್ಣು ಹಗುರ, ಶಾಖವನ್ನೂ ಬೇಗ ಹಾಯಿಸುವುದಿಲ್ಲ. ಸುಜುವಿನಲ್ಲಿ ಸುರಂಗದೊಳಗೆ ಉದ್ದ ಉಳಿಯಿಂದ ಇಡಿ ಗಡ್ಡೆಗಳನ್ನೇ ಕಡಿದು, ಕೊರೆದು, ಸುಟ್ಟು 'ಶಿಚಿರಿನ್' ಎಂಬ ಇದ್ದಿಲೊಲೆ ಮಾಡುತ್ತಾರೆ. ಒಳಗೆ ಕೆಂಡ ನಿಗಿನಿಗಿ ಎನ್ನುವಾಗಲೂ ಹೊರಮೈ ಅಷ್ಟು ಸುಡುವುದಿಲ್ಲ.

ವಾಜಿಮಾ ಅದೇ ಮಣ್ಣಿಗೆ ಬೇರೆ ಬಳಕೆ ಕಂಡುಕೊಂಡಿತು. ಅಲ್ಲಿನ ಮೆರುಗಿನ ಬಟ್ಟಲುಗಳನ್ನು ನಮ್ಮ ಚನ್ನಪಟ್ಟಣದ ಅರಗಿನ ಗೊಂಬೆಗಳ ಜೊತೆ ಹೋಲಿಸುವುದುಂಟು. ಆದರೆ ಎರಡರ ಗುಣ ಬೇರೆ. ನಮ್ಮ ಅರಗು ಕೀಟದ್ದು, ಬಿಸಿಗೆ ಕರಗಿ ಹತ್ತುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ಜಪಾನಿನ ಉರುಶಿ ಮರದ ರಸ. ಮರ ನಮ್ಮ ಮಾವು, ಗೋಡಂಬಿ, ಕರಿಗೇರುಗಳ ಕುಟುಂಬದ್ದೇ. ಗೇರುಬೀಜದ ಸೊನೆ ತಾಗಿದರೆ ಚರ್ಮ ಬೊಬ್ಬೆ ಬರುವಂತೆ ಹಸಿ ಉರುಶಿಗೂ ಬರುತ್ತದೆ. ಹತ್ತು ವರ್ಷ ದಾಟಿದ ಒಂದು ಮರದಿಂದ ಸಿಗುವುದು ಸುಮಾರು 200 ಗ್ರಾಂ. ಇದು ಒಣಗಿ ಗಟ್ಟಿಯಾಗುವುದಲ್ಲ. ರಸದಲ್ಲಿರುವ ಕಿಣ್ವ ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಅದನ್ನು ಗಟ್ಟಿ ಮಾಡುತ್ತದೆ, ಆ ಕಿಣ್ವಕ್ಕೆ ತೇವ ಬೇಕು. ಹಾಗಾಗಿ ಬಳಿದ ಬಟ್ಟಲನ್ನು 20ರಿಂದ 25 ಡಿಗ್ರಿ ಶಾಖದ, ಶೇಕಡ 70-80ರಷ್ಟು ತೇವವಿರುವ ಮರದ ಕಪಾಟಿನಲ್ಲಿಡುತ್ತಾರೆ. ತೇವ ಕಡಿಮೆಯಾದರೆ ವಾರವಾದರೂ ಅಂಟು ಹೋಗುವುದಿಲ್ಲ. ತೇವ ಹೆಚ್ಚಾಗಿ, ಬಳಿತವೂ ದಪ್ಪವಾಗಿದ್ದರೆ ಮೇಲ್ಮೈ ಮೊದಲು ಬಿಗಿದು, ಒಳಗೆ ಹಸಿಯಿದ್ದು, ಸುಕ್ಕು ಬೀಳುತ್ತದೆ.

ವಾಜಿಮಾದ ಗುಟ್ಟು ಕಣ್ಣಿಗೆ ಕಾಣದ ಕೆಳಪದರಗಳಲ್ಲಿದೆ. ಬಟ್ಟಲಿನ ಅಂಚು, ಬುಡಗಳೇ ಮೊದಲು ಒಡೆಯುವ ಜಾಗ. ಅಲ್ಲಿಗೆ ಉರುಶಿಯಲ್ಲಿ ಅದ್ದಿದ ಬಟ್ಟೆ ಅಂಟಿಸುತ್ತಾರೆ. ಮೇಲೆ ಡಯಾಟಮ್ ಮಣ್ಣನ್ನು ಸುಟ್ಟು ಪುಡಿ ಮಾಡಿದ 'ಜಿನೊಕೊ'ವನ್ನು ಉರುಶಿ ಮತ್ತು ಅಕ್ಕಿಯಂಟಿನ ಜೊತೆ ಕಲಸಿ ಬಳಿಯುತ್ತಾರೆ. ಮೊದಲ ಸಲ ದಪ್ಪ ಪುಡಿ, ಎರಡನೆಯದು ನಯ, ಮೂರನೆಯದು ಇನ್ನೂ ನಯ. ಪ್ರತಿ ಸಲವೂ ಗಟ್ಟಿಯಾಗಲು ಬಿಟ್ಟು, ಉಜ್ಜಿ ಸಮಮಾಡಬೇಕು. ಚಿಪ್ಪಿನ ತೂತುಗಳು ರಸವನ್ನು ಹೀರಿ ಹಿಡಿಯುವುದರಿಂದ ಪದರ ಕಲ್ಲಿನಂತಾಗುತ್ತದೆ. ಒಟ್ಟು ನೂರಕ್ಕೂ ಹೆಚ್ಚು ಹಂತಗಳು, ಒಂದೊಂದು ಹಂತಕ್ಕೂ ಬೇರೆ ಕುಶಲಕರ್ಮಿ. ಒಬ್ಬ ಮರ ಕಡೆಯುವವನು ಊರು ಬಿಟ್ಟರೆ ಅವನ ಮುಂದಿನ ಸರಪಳಿಯೆಲ್ಲ ಕೈಕಟ್ಟಿ ಕೂರುತ್ತದೆ. ಭೂಕಂಪದ ಪೆಟ್ಟು ಈ ಕಸುಬಿಗೆ ಇಷ್ಟು ಆಳವಾಗಿ ಬಿದ್ದದ್ದು ಅದಕ್ಕೇ.

ಮೂಲೆಯಲ್ಲ, ಹೆದ್ದಾರಿ

ಇಂದಿನ ಭೂಪಟದಲ್ಲಿ ನೋತೊ ಟೋಕಿಯೊದಿಂದ ದೂರದ ಮೂಲೆ. ಕಡಲೇ ದಾರಿಯಾಗಿದ್ದ ಕಾಲದಲ್ಲಿ ಅದು ನಡುಬೀದಿಯಲ್ಲಿತ್ತು. 718ರಲ್ಲಿ ನೋತೊ ಪ್ರತ್ಯೇಕ ಪ್ರಾಂತ್ಯವಾಯಿತು. ಈಗಿನ ಮಂಚೂರಿಯಾ, ಉತ್ತರ ಕೊರಿಯಾಗಳ ಭಾಗದಲ್ಲಿದ್ದ ಬೊಕ್ಕಾಯಿ ರಾಜ್ಯದ ರಾಯಭಾರಿಗಳು 727ರಿಂದ ಸುಮಾರು ಇನ್ನೂರು ವರ್ಷ, ಮೂವತ್ತಕ್ಕೂ ಹೆಚ್ಚು ಸಲ ಜಪಾನಿಗೆ ಬಂದರು. ನೋತೊದ ಫುಕುರಾ ಅವರ ಹಡಗುಗಳ ಮುಖ್ಯ ಬಂದರುಗಳಲ್ಲೊಂದು. 18-19ನೇ ಶತಮಾನಗಳಲ್ಲಿ ಕಿತಾಮಾಯೆ ಹಡಗುಗಳು ಒಸಾಕಾದಿಂದ ವಸಂತದಲ್ಲಿ ಹೊರಟು, ಬಂದರು ಬಂದರಿಗೆ ಸರಕು ಕೊಂಡು ಮಾರುತ್ತಾ ಹೊಕ್ಕೈದೊ ಮುಟ್ಟಿ, ಚಳಿಗಾಳಿಗೆ ಮೊದಲು ಹಿಂತಿರುಗುತ್ತಿದ್ದವು. ಹೋಗುವಾಗ ಅಕ್ಕಿ, ಉಪ್ಪು, ಬಟ್ಟೆ. ಬರುವಾಗ ಕೊಂಬು ಕಡಲಪಾಚಿ ಮತ್ತು ಹತ್ತಿಯ ಹೊಲಗಳಿಗೆ ಗೊಬ್ಬರವಾಗುತ್ತಿದ್ದ ಹೆರಿಂಗ್ ಮೀನಿನ ಹಿಂಡಿ. ಹಡಗಿನ ಮಾಲೀಕರ ಕರಿಹೆಂಚಿನ ಮನೆಗಳ ಸಾಲು ನೋತೊದ ಕುರೊಶಿಮಾದಲ್ಲಿದೆ.

ಇತಿಹಾಸಕಾರ ಅಮಿನೊ ಯೊಶಿಹಿಕೊ ಇಲ್ಲಿನ ತೊಕಿಕುನಿ ಮನೆತನದ ಕಾಗದಪತ್ರಗಳನ್ನು ಓದಿದಾಗ ಜಪಾನಿನ ಇತಿಹಾಸದ ಒಂದು ದೊಡ್ಡ ತಪ್ಪು ತಿಳಿವಳಿಕೆ ಕಳಚಿತು. ದಾಖಲೆಗಳಲ್ಲಿ 'ಹ್ಯಾಕುಶೊ' ಎಂದಿದ್ದರೆ ರೈತ ಎಂದೇ ಎಲ್ಲರೂ ಓದುತ್ತಿದ್ದರು. ಆದರೆ ಹ್ಯಾಕುಶೊ ಎನಿಸಿಕೊಂಡ ಈ ಮನೆತನ ಹಡಗು ಹೊಂದಿತ್ತು, ಉಪ್ಪು ಕಾಯಿಸುತ್ತಿತ್ತು, ದೂರದ ವ್ಯಾಪಾರ ಮಾಡುತ್ತಿತ್ತು. ಭೂಮಿಯಿಲ್ಲದ ಬಡವರು ಎಂದು ಲೆಕ್ಕಕ್ಕೆ ಹಿಡಿದಿದ್ದ ವಾಜಿಮಾದ ಅನೇಕರು, ಭೂಮಿಯ ಅಗತ್ಯವೇ ಇಲ್ಲದ ಸಾಹುಕಾರ ವರ್ತಕರೂ ಕುಶಲಕರ್ಮಿಗಳೂ ಆಗಿದ್ದರು. ಗದ್ದೆ ಕಡಿಮೆಯಿರುವ ಕರಾವಳಿಯೆಂದರೆ ಬಡ ಕರಾವಳಿ ಎಂದು ಓದುವುದು ತಪ್ಪು. ಆ ಮನೆತನದ ಕವಲೊಂದರ ಹಳೆಯ ದೊಡ್ಡಮನೆ 2024ರಲ್ಲಿ ನೆಲಕ್ಕೊರಗಿತು.

ರೈಲು ಬಂದ ಮೇಲೆ ಹಡಗು ನಿಂತಿತು. ಆ ರೈಲೂ ಹೋಯಿತು. ವಾಜಿಮಾದ ಮಾರ್ಗ 2001ರಲ್ಲಿ, ಸುಜುವಿನದು 2005ರಲ್ಲಿ ಮುಚ್ಚಿತು.

ಕುರುಡು ದೇವರಿಗೆ ಬಡಿಸುವುದು

ಡಿಸೆಂಬರ್ 5ರಂದು ನೋತೊದ ತುದಿಯ ರೈತಮನೆಗಳಲ್ಲಿ 'ಅಯೆನೊಕೊತೊ' ನಡೆಯುತ್ತದೆ. ಮನೆಯ ಯಜಮಾನ ಮಡಿಯುಡುಪು ತೊಟ್ಟು ಗದ್ದೆಗೆ ಹೋಗಿ ಭತ್ತದ ದೇವರನ್ನು ಕರೆತರುತ್ತಾನೆ. ಯಾರೂ ಕಾಣಿಸುವುದಿಲ್ಲ, ಆದರೆ ಬಂದವರಿಗೆ ಮಾಡುವ ಉಪಚಾರವೆಲ್ಲ ನಡೆಯುತ್ತದೆ. ದೇವರು ದಂಪತಿ, ಕಣ್ಣು ಕಾಣದವರು. ಭತ್ತದ ತೆನೆ ಚುಚ್ಚಿ ಕಣ್ಣು ಹೋಯಿತೆಂದು ಕೆಲವರು, ಮಣ್ಣಿನ ಕತ್ತಲಲ್ಲಿದ್ದು ಹೋಯಿತೆಂದು ಕೆಲವರು. ಅದಕ್ಕೇ ಹೊಸಿಲು ಬಂದರೆ ಬಾಯಲ್ಲಿ ಹೇಳಿ ದಾಟಿಸುತ್ತಾರೆ. ಸ್ನಾನದ ನೀರಿನ ಹದ ಕೇಳುತ್ತಾರೆ. ಊಟಕ್ಕೆ ಕೂರಿಸಿ ಇದು ಅನ್ನ, ಇದು ಮೀನು, ಇದು ಎರಡು ಕವಲಿನ ಮೂಲಂಗಿ ಎಂದು ಒಂದೊಂದನ್ನೂ ಹೆಸರಿಸುತ್ತಾರೆ. ಚಳಿಗಾಲವೆಲ್ಲ ದೇವರು ಮನೆಯಲ್ಲೇ. ಫೆಬ್ರವರಿ 9ರಂದು ಮತ್ತೆ ಉಣಿಸಿ ಗದ್ದೆಗೆ ಕಳಿಸುತ್ತಾರೆ. ಪುರೋಹಿತರಿಲ್ಲ, ನೋಡುವವರಿಲ್ಲ, ಮನೆಮನೆಗೆ ಕ್ರಮ ಸ್ವಲ್ಪ ಬೇರೆ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆಚರಣೆಗಳಲ್ಲಿ ಇಷ್ಟು ಸದ್ದಿಲ್ಲದ್ದು ಅಪರೂಪ.

ಬೇಸಿಗೆಯ ಕಿರಿಕೊ ಹಬ್ಬಗಳು ಇದಕ್ಕೆ ತೀರ ವಿರುದ್ಧ. ಜುಲೈಯಿಂದ ಅಕ್ಟೋಬರ್‌ವರೆಗೆ ಊರೂರಲ್ಲಿ ಮನೆಯೆತ್ತರದ ಲಾಂದ್ರಗಳನ್ನು ಹೊತ್ತು ದೇವರ ಪಲ್ಲಕ್ಕಿಗೆ ದಾರಿ ತೋರಿಸುತ್ತಾರೆ. ಇಸ್ಸಾಕಿಯ ಲಾಂದ್ರ ಸುಮಾರು 2 ಟನ್ ತೂಕ, ಹೊರಲು ನೂರು ಹೆಗಲು ಬೇಕು. ದೂರದ ನಗರಗಳಲ್ಲಿರುವ ಮಕ್ಕಳು ಹೊಸವರ್ಷಕ್ಕೆ ಬಾರದಿದ್ದರೂ ಕಿರಿಕೊಗೆ ಬರುತ್ತಾರೆ. ಹೆಗಲು ಕಡಿಮೆಯಾದಾಗ ಕೆಲವು ಊರುಗಳು ಲಾಂದ್ರಕ್ಕೆ ಗಾಲಿ ಹಾಕಿಕೊಂಡವು. ಭೂಕಂಪವಾಗಿ ಆರೇ ತಿಂಗಳಿಗೆ, 2024ರ ಜುಲೈಯಲ್ಲಿ, ಉಶಿತ್ಸು ಊರು ತನ್ನ ಬೆಂಕಿಯ ಹಬ್ಬ ಅಬಾರೆಯನ್ನು ನಡೆಸಿತು.

ಮುರಿದದ್ದು, ಕೂಡಿಸುತ್ತಿರುವುದು

ಭೂಕಂಪದಲ್ಲಿ ನೇರವಾಗಿ ಸತ್ತವರು 228 ಮಂದಿ. ಆಮೇಲೆ ಆಶ್ರಯತಾಣಗಳ ಚಳಿ, ಕಾಯಿಲೆ, ಆಯಾಸಗಳಿಂದ ತೀರಿಕೊಂಡವರನ್ನು ಸೇರಿಸಿದರೆ 600ಕ್ಕೂ ಹೆಚ್ಚು. ನೇರ ಸಾವುಗಳಲ್ಲಿ ಹೆಚ್ಚಿನವು ಮನೆ ಕುಸಿದು ಆದವು. ಹಿಮಗಾಳಿಗೆ ಹಾರದಿರಲೆಂದು ಹೊದಿಸಿದ ಭಾರದ ಹೆಂಚು, ಮುಂಭಾಗದಲ್ಲಿ ಗೋಡೆಯಿಲ್ಲದೆ ತೆರೆದ ಜಗಲಿ, 1981ರ ಭೂಕಂಪ ನಿಯಮಕ್ಕಿಂತ ಹಿಂದಿನ ಕಟ್ಟೋಣ, ಮೇಲಾಗಿ 2007 ಮತ್ತು 2023ರ ಭೂಕಂಪಗಳಲ್ಲಿ ಆಗಲೇ ಸಡಿಲಿದ್ದ ಕೀಲುಗಳು. ಸುಜುವಿನ ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದವರು. ಒಂಟಿ ವೃದ್ಧೆಯೊಬ್ಬಳು ಮನೆಯನ್ನು ಬಲಪಡಿಸಲು ದೊಡ್ಡ ಹಣ ಹೂಡುವುದು ಹೇಗೆ? ವಾಜಿಮಾದ ಬೆಳಗಿನ ಸಂತೆಯ ಬೀದಿಯಲ್ಲಿ ಬೆಂಕಿ ಹತ್ತಿ ಸುಮಾರು 240 ಕಟ್ಟಡಗಳು ಸುಟ್ಟವು. "ಗಂಡನೊಬ್ಬನನ್ನೋ ಇಬ್ಬರನ್ನೋ ಸಾಕಲಾರದವಳು ಹೆಣ್ಣೇ ಅಲ್ಲ" ಎಂದು ಹೇಳಿಕೊಳ್ಳುತ್ತಿದ್ದ ಹೆಂಗಸರ ಸಂತೆ ಅದು.

ಬಂದರುಗಳಲ್ಲಿ ಹೂಳೆತ್ತುವವರೆಗೆ ದೋಣಿ ಅಲುಗಲಿಲ್ಲ. ವಾಜಿಮಾದ ಆಮಾಗಳು, ಅಂದರೆ ಉಸಿರು ಕಟ್ಟಿ ಮುಳುಗಿ ಅಬಲೋನಿ ಚಿಪ್ಪು ತೆಗೆಯುವ ಹೆಂಗಸರು, ಬೇಟೆಯ ಬಂಡೆಗಳೇ ಗಾಳಿಗೆ ಬಂದದ್ದನ್ನು ಕಂಡರು. ಸಿಲಿಂಡರ್ ಬಳಸಬಾರದು, 10 ಸೆಂಟಿಮೀಟರಿಗಿಂತ ಚಿಕ್ಕದನ್ನು ತೆಗೆಯಬಾರದು ಎಂಬ ಕಟ್ಟಳೆಯಿಂದ ಅವರು ಉಳಿಸಿಕೊಂಡು ಬಂದಿದ್ದ ದಾಸ್ತಾನು ಒಂದು ನಿಮಿಷದಲ್ಲಿ ನೀರಿನಿಂದ ಹೊರಗೆ ಬಿತ್ತು. ಉಪ್ಪಿನ ಕಣಗಳಿಂದ ಕಡಲು ದೂರ ಸರಿಯಿತು. ಸೆಪ್ಟೆಂಬರ್ 21ರಂದು ಬಂದ ವಿಪರೀತ ಮಳೆಗೆ, ಜನವರಿಯಲ್ಲಿ ಸಡಿಲವಾಗಿದ್ದ ಗುಡ್ಡಗಳು ಮತ್ತೆ ಜಾರಿ ರಿಪೇರಿಯಾದದ್ದನ್ನೂ ಹೂತವು.

ಸೆನ್‌ಮೈದಾದ ಬಹುಪಾಲು ಗದ್ದೆಗಳಲ್ಲಿ ಬಿರುಕು. ರಿಪೇರಿಯೆಂದರೆ ಬಿರುಕನ್ನು ಅಗೆದು, ತಳದವರೆಗೆ ಜೇಡಿ ತುಂಬಿ ತುಳಿದು, ಬದು ಕಟ್ಟಿ, ನೀರು ಬಿಟ್ಟು, ಇಂಗುತ್ತದೆಯೇ ಎಂದು ಕಾದು ನೋಡುವುದು. ಇಂಗಿದರೆ ಮತ್ತೆ ಅಗೆಯುವುದು. 2024ರ ಮೇ ತಿಂಗಳಲ್ಲಿ 1,004ರ ಪೈಕಿ 120 ಗದ್ದೆಗಳಿಗೆ ನಾಟಿಯಾಯಿತು. ಆ ಗದ್ದೆಗಳ ಬಳಿ ಹಾದುಹೋಗುವ 249ನೇ ರಾಷ್ಟ್ರೀಯ ಹೆದ್ದಾರಿ ಗುಡ್ಡ ಕುಸಿದು ಮುಚ್ಚಿಹೋಗಿತ್ತು. ಗುಡ್ಡವನ್ನು ಸರಿಸಲು ವರ್ಷಗಳೇ ಬೇಕು, ಬಳಸಿ ಹೋಗಲು ಜಾಗವಿಲ್ಲ. ಆಗ ಎಂಜಿನಿಯರುಗಳು ಕುಸಿತದ ಕಡಲ ಪಕ್ಕದಿಂದ, ಮೇಲೆದ್ದು ಬಂದ ಹೊಸ ದಡವನ್ನು ಬಳಸಿಕೊಂಡು ದಾರಿ ಹಾಕಿದರು. ಎಡಕ್ಕೆ ಸತ್ತ ಸುಣ್ಣಪಾಚಿಯಿಂದ ಬೆಳ್ಳಗಾದ ಬಂಡೆಗಳು, ಬಲಕ್ಕೆ ಕುಸಿದ ಗುಡ್ಡ. 2023ರ ಡಿಸೆಂಬರ್ ಮುಗಿಯುವವರೆಗೂ ಆ ಬಂಡೆಗಳ ಮೇಲೆ ಅಲೆ ಆಡುತ್ತಿತ್ತು.